ಮೋರ್ಸ್: ಮೊದಲು ತಪ್ಪು ಉತ್ತರ, ಆಮೇಲೆ ಕೊಲೆಗಾರ

ಆಕ್ಸ್‌ಫರ್ಡ್ ಪಕ್ಕದ ಕಿಡ್ಲಿಂಗ್ಟನ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಕಾಣೆಯಾಗಿ ಎರಡು ವರ್ಷದ ಮೇಲಾಗಿದೆ. ಕೇಸು ನೋಡುತ್ತಿದ್ದ ಅಧಿಕಾರಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಅದೇ ಹೊತ್ತಿಗೆ ಹುಡುಗಿಯ ಅಪ್ಪ ಅಮ್ಮನಿಗೆ ಒಂದು ಕಾಗದ ಬರುತ್ತದೆ. ನಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ ಅಂತ. ಕೇಸು ಈಗ ಇನ್ನೊಬ್ಬ ಇನ್‌ಸ್ಪೆಕ್ಟರ್ ಕೈಗೆ ಬಂದಿದೆ. ಆತ ಕಡತ ತಿರುವಿ ಹಾಕಿ, ಹುಡುಗಿ ಸತ್ತೇ ಹೋಗಿದ್ದಾಳೆ ಅಂತ ತೀರ್ಮಾನಿಸಿಬಿಡುತ್ತಾನೆ. ಸಾಕ್ಷಿ? ಇಲ್ಲ. ಸುಮ್ನೆ ಅವನಿಗೆ ಹಾಗನ್ನಿಸುತ್ತದೆ.

ಆಮೇಲೆ ಆ ತೀರ್ಮಾನದ ಮೇಲೆ ಒಂದು ಇಡೀ ಕಥೆ ಕಟ್ಟುತ್ತಾನೆ. ಯಾರು ಕೊಂದರು, ಯಾಕೆ, ಕಾಗದ ಬರೆದವರು ಯಾರು, ಎಲ್ಲವೂ ಅಚ್ಚುಕಟ್ಟು. ಓದುವವರಿಗೂ ಹೌದಲ್ವಾ ಅನ್ನಿಸುತ್ತದೆ. ನಾಲ್ಕು ಪುಟ ದಾಟಿದರೆ ಒಂದು ಸಣ್ಣ ಸಂಗತಿ ಎದುರಾಗಿ ಆ ಕಥೆ ಪೂರ್ತಿ ಕುಸಿಯುತ್ತದೆ. ಆತ ಸ್ವಲ್ಪ ಹೊತ್ತು ಸಿಡಿಮಿಡಿಗೊಂಡು, ಬಿಯರ್ ಕುಡಿದು, ಎರಡನೇ ಕಥೆ ಕಟ್ಟುತ್ತಾನೆ. ಅದೂ ಬೀಳುತ್ತದೆ. ಮತ್ತೊಂದು.

ಇದು ಕಾಲಿನ್ ಡೆಕ್ಸ್ಟರ್ 1976ರಲ್ಲಿ ಬರೆದ 'ಲಾಸ್ಟ್ ಸೀನ್ ವೇರಿಂಗ್'. ಆ ಇನ್‌ಸ್ಪೆಕ್ಟರ್ ಮೋರ್ಸ್. ಪತ್ತೇದಾರ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಷರ್ಲಾಕ್ ಹೋಮ್ಸ್ ಥರದವರು. ಬೂಟಿನ ಕೆಸರು ನೋಡಿ ಊರು ಹೇಳುವವರು, ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ಒಂದೇ ಉಸಿರಿಗೆ ಗುಟ್ಟು ಬಿಚ್ಚುವವರು. ಮೋರ್ಸ್ ಆ ಜಾತಿಗೆ ಸೇರಿದವನಲ್ಲ. ಅವನು ತಪ್ಪುತ್ತಾನೆ, ಜೋರಾಗಿ ತಪ್ಪುತ್ತಾನೆ, ತಪ್ಪಿದ ಮೇಲೂ ಜಂಬ ಬಿಡುವುದಿಲ್ಲ. ಆದರೂ 13 ಕಾದಂಬರಿ, 33 ಟಿವಿ ಕಂತು, ಮೇಲೆ ಇನ್ನೆರಡು ಧಾರಾವಾಹಿಗಳು ಅವನ ಸುತ್ತ ಬೆಳೆದವು. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಸುಮಾರು 1.8 ಕೋಟಿ ಜನ ಅವನನ್ನು ನೋಡಲು ಟಿವಿ ಮುಂದೆ ಕೂರುತ್ತಿದ್ದರು. ತಪ್ಪು ಮಾಡುವ ಪತ್ತೇದಾರ ಇಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ? ಅದಕ್ಕೆ ಅವನನ್ನು ಸೃಷ್ಟಿಸಿದವನ ಹವ್ಯಾಸದಿಂದ ಶುರು ಮಾಡಬೇಕು.

ಡೆಕ್ಸ್ಟರ್ ಹುಟ್ಟಿದ್ದು 1930ರಲ್ಲಿ, ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್‌ನಲ್ಲಿ. ಕಡ್ಡಾಯ ಸೇನಾ ಸೇವೆಯಲ್ಲಿದ್ದಾಗ ಮೋರ್ಸ್ ಕೋಡ್, ಅಂದರೆ ಟಕ್ ಟಕ್ ಸದ್ದಿನ ತಂತಿ ಸಂಕೇತ, ಕಳಿಸುವ ಕೆಲಸ ಮಾಡಿದ್ದ. ಕೇಂಬ್ರಿಡ್ಜ್‌ನಲ್ಲಿ ಲ್ಯಾಟಿನ್, ಗ್ರೀಕ್ ಓದಿ ಶಾಲೆಯಲ್ಲಿ ಮೇಷ್ಟ್ರಾದ. ಕಿವಿ ಕೇಳುವುದು ಕಡಿಮೆಯಾಗುತ್ತಾ ಬಂತು. ಮಕ್ಕಳ ಮಾತು ಕೇಳದ ಮೇಲೆ ಪಾಠ ಮಾಡುವುದು ಹೇಗೆ? 1966ರಲ್ಲಿ ಮೇಷ್ಟ್ರ ಕೆಲಸ ಬಿಟ್ಟು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿ ಸೇರಿದ. ನಿವೃತ್ತಿಯವರೆಗೂ, ಅಂದರೆ 1988ರವರೆಗೂ ಅಲ್ಲೇ ಇದ್ದ. 1970ರ ದಶಕದ ಶುರುವಿನಲ್ಲಿ ಮನೆಯವರ ಜೊತೆ ಉತ್ತರ ವೇಲ್ಸ್‌ಗೆ ರಜೆಗೆ ಹೋಗಿದ್ದಾಗ ಮಳೆ ಬಿಡಲೇ ಇಲ್ಲ. ತಂಗಿದ್ದ ಮನೆಯಲ್ಲಿ ಸಿಕ್ಕಿದ ಪತ್ತೇದಾರಿ ಕಾದಂಬರಿ ಓದಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯಬಹುದು ಅನ್ನಿಸಿ ಅಲ್ಲೇ ಕೂತು ಶುರು ಮಾಡಿದ. ಹಾಗೆ ಹೊರಬಂದದ್ದು 1975ರ 'ಲಾಸ್ಟ್ ಬಸ್ ಟು ವುಡ್‌ಸ್ಟಾಕ್'.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪದಬಂಧ. ಡೆಕ್ಸ್ಟರ್ ಪದಬಂಧದ ಹುಚ್ಚ ಅಂದರೆ ಕಡಿಮೆ ಹೇಳಿದ ಹಾಗೆ. 'ಅಬ್ಸರ್ವರ್' ಪತ್ರಿಕೆಯ ಪದಬಂಧ ಬ್ರಿಟನ್ನಿನಲ್ಲೇ ಕಠಿಣ ಅಂತ ಹೆಸರಾದದ್ದು. ಅಲ್ಲಿ ಉತ್ತರ ತುಂಬಿ ಕಳಿಸಿದರೆ ಸಾಲುತ್ತಿರಲಿಲ್ಲ. ಒಂದು ಪದಕ್ಕೆ ಓದುಗರೇ ಹೊಸ ಸೂಚನೆ ಬರೆದು ಕಳಿಸಬೇಕಿತ್ತು. ಒಳ್ಳೆಯ ಸೂಚನೆಗೆ ಬಹುಮಾನ. ಡೆಕ್ಸ್ಟರ್‌ಗೆ ಅಲ್ಲಿ ಪೈಪೋಟಿ ಕೊಡುತ್ತಿದ್ದವರಲ್ಲಿ ಒಬ್ಬರು ಸರ್ ಜೆರೆಮಿ ಮೋರ್ಸ್. ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷರಾದವರು. ಇನ್ನೊಬ್ಬರು ಮಿಸೆಸ್ ಬಿ. ಲೂಯಿಸ್ ಅನ್ನುವ ಗುಪ್ತನಾಮದಲ್ಲಿ ಬರೆಯುತ್ತಿದ್ದ ಮಹಿಳೆ. ಇನ್‌ಸ್ಪೆಕ್ಟರ್ ಮೋರ್ಸ್ ಮತ್ತು ಅವನ ಸಹಾಯಕ ಸಾರ್ಜೆಂಟ್ ಲೂಯಿಸ್ ಎಲ್ಲಿಂದ ಬಂದರು ಅಂತ ಈಗ ಗೊತ್ತಾಯಿತಲ್ವಾ. ಸೇನೆಯಲ್ಲಿ ಕಳಿಸುತ್ತಿದ್ದ ಮೋರ್ಸ್ ಕೋಡಿಗೂ ಹೆಸರಿಗೂ ಸಂಬಂಧ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಹೆಸರು ಬಂದದ್ದು ಬ್ಯಾಂಕಿನ ಅಧ್ಯಕ್ಷರಿಂದ.

ಈಗ ಈ ಪದಬಂಧ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಅದು ತಿಳಿಯದೆ ಮೋರ್ಸ್‌ನ ತಲೆ ಹೇಗೆ ಓಡುತ್ತದೆ ಅನ್ನುವುದು ಸಿಗುವುದಿಲ್ಲ. ನಮ್ಮ ದಿನಪತ್ರಿಕೆಗಳ ಪದಬಂಧದಲ್ಲಿ ಸೂಚನೆ ಅಂದರೆ ಸಾಮಾನ್ಯವಾಗಿ ಅರ್ಥ. 'ಆನೆ (2)' ಅಂತಿದ್ದರೆ 'ಗಜ' ಅಥವಾ 'ಕರಿ'. ಇಂಗ್ಲಿಷರ ಕ್ರಿಪ್ಟಿಕ್ ಪದಬಂಧದಲ್ಲಿ ಸೂಚನೆ ಒಂದು ಪೂರ್ತಿ ವಾಕ್ಯದ ವೇಷ ಹಾಕಿಕೊಂಡು ಬರುತ್ತದೆ. ಅದರೊಳಗೆ ಎರಡು ಭಾಗ ಅಡಗಿರುತ್ತವೆ. ಒಂದು ಭಾಗ ಉತ್ತರದ ಅರ್ಥ. ಇನ್ನೊಂದು ಭಾಗ ಆ ಪದವನ್ನು ಅಕ್ಷರ ಅಕ್ಷರ ಜೋಡಿಸಿ ಮಾಡುವ ವಿಧಾನ. ಎರಡರ ನಡುವೆ ಗೆರೆ ಎಲ್ಲಿದೆ ಅಂತ ಯಾರೂ ಹೇಳುವುದಿಲ್ಲ.

ಕನ್ನಡದಲ್ಲೇ ಒಂದು ಮಾಡಿ ನೋಡೋಣ. ಸೂಚನೆ ಹೀಗಿದೆ: 'ಹಣ್ಣು ಹಿಂಡಿ ಬಂದದ್ದನ್ನು ತಿರುಗಿಸಿ ಕೊರಳಿಗೆ ಹಾಕಿಕೋ (2)'. ಓದಿದರೆ ಯಾರೋ ಜ್ಯೂಸಿನ ಲೋಟ ಹಿಡಿದು ಗಂಟಲಿಗೆ ಸುರಿದುಕೊಳ್ಳುತ್ತಿರುವ ಚಿತ್ರ ಬರುತ್ತದೆ. ಆ ಚಿತ್ರದಲ್ಲೇ ಸಿಕ್ಕಿಹಾಕಿಕೊಂಡರೆ ಕೆಟ್ಟಿರಿ. ಹಣ್ಣು ಹಿಂಡಿದರೆ ಬರುವುದು 'ರಸ'. 'ತಿರುಗಿಸಿ' ಅನ್ನುವುದು ಅಕ್ಷರಗಳಿಗೆ ಕೊಟ್ಟ ಅಪ್ಪಣೆ. ತಿರುಗಿಸಿದರೆ 'ಸರ'. ಕೊರಳಿಗೆ ಹಾಕಿಕೊಳ್ಳುವುದು ಅದೇ. ಸೂಚನೆಯಲ್ಲಿ ಒಂದೂ ಸುಳ್ಳಿಲ್ಲ. ಎಲ್ಲವೂ ಎದುರಿಗೇ ಇದೆ. ಆದರೂ ಮೊದಲ ಓದಿಗೆ ದಾರಿ ತಪ್ಪುತ್ತದೆ.

ಕ್ರಿಪ್ಟಿಕ್ ಪದಬಂಧದ ಧರ್ಮ ಇಷ್ಟೇ. ಸೂಚನೆ ಬರೆಯುವವನು ಓದುಗನ ದಾರಿ ತಪ್ಪಿಸಬಹುದು, ಸುಳ್ಳು ಹೇಳುವ ಹಾಗಿಲ್ಲ. ಒಳ್ಳೆಯ ಪತ್ತೇದಾರಿ ಕಾದಂಬರಿಯ ನಿಯಮವೂ ಇದೇ. ಕೊಲೆಗಾರನ ಸುಳಿವು ಓದುಗನ ಕಣ್ಣೆದುರು ಇರಬೇಕು, ಆದರೆ ಬೇರೆ ವೇಷದಲ್ಲಿ. ಡೆಕ್ಸ್ಟರ್ ಈ ಎರಡನ್ನೂ ಒಂದು ಮಾಡಿದ. ಮೋರ್ಸ್ ಸಾಕ್ಷಿಯ ಮಾತು ಕೇಳುವಾಗ ಅದರ ಅರ್ಥವನ್ನಷ್ಟೇ ಕೇಳುವುದಿಲ್ಲ. ಈ ಪದ ಇಲ್ಲಿ ಯಾಕೆ ಬಂತು, ಈ ಕಾಗದದಲ್ಲಿ ಕಾಗುಣಿತ ಯಾಕೆ ತಪ್ಪಿದೆ, ಬೇಕೂಂತಲೇ ತಪ್ಪಿಸಿದ್ದೋ ಅಂತ ಕೆದಕುತ್ತಾನೆ. ಅವನಿಗೆ ವ್ಯಾಕರಣದ ಗೀಳು ಬೇರೆ. ಕೊಲೆಯ ತನಿಖೆಯ ಮಧ್ಯೆಯೂ ಲೂಯಿಸ್ ಬರೆದ ವರದಿಯಲ್ಲಿ ಕಾಗುಣಿತ ತಿದ್ದುವ ಆಸಾಮಿ.

ಇನ್ನೊಂದು ಸಂಗತಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಪದಬಂಧ ತುಂಬುವವರು ತಪ್ಪುತ್ತಾರೆ. 'ಆನೆ'ಗೆ 'ಗಜ' ಅಂತ ಬರೆದಿರುತ್ತೀರಿ. ಮೇಲಿನಿಂದ ಕೆಳಕ್ಕೆ ಬರುವ ಪದ ತುಂಬಿದಾಗ ಮೊದಲ ಮನೆಗೆ 'ಕ' ಬಂದು ಕೂರುತ್ತದೆ. ಅಲ್ಲಿಗೆ 'ಗಜ' ಹೋಯಿತು, 'ಕರಿ' ಬಂತು. ತಪ್ಪು ಬರೆದದ್ದು ವ್ಯರ್ಥ ಆಯಿತಾ? ಇಲ್ಲ. ಏನಾದರೂ ಒಂದು ಬರೆದಿದ್ದರಿಂದಲೇ ಅದು ಹೊಂದುವುದಿಲ್ಲ ಅಂತ ಗೊತ್ತಾಯಿತು. ಮೋರ್ಸ್ ಮಾಡುವುದು ಇದನ್ನೇ. ಕಾಯುತ್ತಾ ಕೂರುವುದಿಲ್ಲ. ಮೊದಲು ತೋಚಿದ ಹೆಸರನ್ನು ಖಾಲಿ ಮನೆಯಲ್ಲಿ ಬರೆದುಬಿಡುತ್ತಾನೆ. ಅದೂ ಪೆನ್ಸಿಲ್‌ನಲ್ಲಲ್ಲ, ಇಂಕಿನಲ್ಲಿ.

ಹಾಗಾದರೆ ಅಡ್ಡ ಬರುವ ಅಕ್ಷರಗಳನ್ನು ತಂದುಕೊಡುವವರು ಯಾರು? ಲೂಯಿಸ್. ಮೋರ್ಸ್ ಪಬ್‌ನಲ್ಲಿ ಕೂತು ಯೋಚಿಸುತ್ತಿರುವಾಗ ಲೂಯಿಸ್ ಬಸ್ಸಿನ ಟೈಮ್ ವಿಚಾರಿಸುತ್ತಾನೆ, ಹೋಟೆಲ್ ರಿಜಿಸ್ಟರ್ ನೋಡುತ್ತಾನೆ, ಅಕ್ಕಪಕ್ಕದ ಮನೆಗಳ ಬಾಗಿಲು ತಟ್ಟುತ್ತಾನೆ. ಬಂದು ಹೇಳುತ್ತಾನೆ: ಸರ್, ನೀವು ಹೇಳಿದವರು ಆ ದಿನ ಊರಲ್ಲೇ ಇರಲಿಲ್ಲ. ಮೋರ್ಸ್‌ನ ಅರಮನೆ ಧಡ್ ಅಂತ ಬೀಳುತ್ತದೆ. ಎಷ್ಟೋ ಸಲ ಲೂಯಿಸ್ ಬೇರೇನೋ ಮಾತಾಡುತ್ತಾ ಎಸೆದ ಒಂದು ಮಾತೇ ಮೋರ್ಸ್‌ಗೆ ಬೀಗದ ಕೈ ಆಗುತ್ತದೆ. ಲೂಯಿಸ್‌ಗೆ ತಾನು ಏನು ಹೇಳಿದೆ ಅಂತಲೇ ಗೊತ್ತಾಗುವುದಿಲ್ಲ. ಬಿಯರಿನ ದುಡ್ಡು ಕೊಡುವವನೂ ಲೂಯಿಸ್‌ನೇ ಅನ್ನುವುದು ಬೇರೆ ಮಾತು. ಮೋರ್ಸ್ ಜಿಪುಣ. ಸಂಬಳ ಜಾಸ್ತಿ ಇರುವವನು ಅವನು, ಜೇಬಿಗೆ ಕೈ ಹಾಕುವವನು ಸಾರ್ಜೆಂಟು.

ಡೆಕ್ಸ್ಟರ್ ತನ್ನ ಬದುಕನ್ನೂ ಒಗಟು ಮಾಡಿದ್ದಕ್ಕೆ 1977ರ 'ದ ಸೈಲೆಂಟ್ ವರ್ಲ್ಡ್ ಆಫ್ ನಿಕೊಲಸ್ ಕ್ವಿನ್' ಒಳ್ಳೆಯ ಉದಾಹರಣೆ. ಕ್ವಿನ್‌ಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾನೆ. ಕೆಲಸ ಪರೀಕ್ಷಾ ಮಂಡಳಿಯಲ್ಲಿ. ಡೆಕ್ಸ್ಟರ್ ದಿನಾ ಹೋಗುತ್ತಿದ್ದ ಆಫೀಸಿನಂಥದ್ದೇ ಜಾಗ. ಅಲ್ಲೊಂದು ಅವ್ಯವಹಾರ ಕ್ವಿನ್‌ನ ಕಣ್ಣಿಗೆ ಬೀಳುತ್ತದೆ, ಅವನ ಕೊಲೆಯಾಗುತ್ತದೆ. ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ 'ಪ', 'ಬ', 'ಮ' ಅಂತ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ತುಟಿ ಓದುವವರಿಗೆ ಇವುಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಕಾದಂಬರಿಯ ಗುಟ್ಟು ಇಂಥದ್ದೊಂದು ಗೊಂದಲದ ಸುತ್ತ ತಿರುಗುತ್ತದೆ. ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಓದು ಕೆಡಿಸಿದ ಹಾಗಾಗುತ್ತದೆ.

ಮೋರ್ಸ್‌ನ ವಿಧಾನ ಅತಿ ಶುದ್ಧವಾಗಿ ಕಾಣುವುದು 1989ರ 'ದ ವೆಂಚ್ ಈಸ್ ಡೆಡ್'ನಲ್ಲಿ. ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವವಾಗಿ ಮೋರ್ಸ್ ಆಸ್ಪತ್ರೆ ಸೇರಿದ್ದಾನೆ. ಕುಡಿಯುವ ಹಾಗಿಲ್ಲ, ಓಡಾಡುವ ಹಾಗಿಲ್ಲ. ಕೈಗೆ ಒಂದು ತೆಳ್ಳನೆಯ ಪುಸ್ತಕ ಸಿಗುತ್ತದೆ. 1859ರಲ್ಲಿ ಆಕ್ಸ್‌ಫರ್ಡ್ ಕಾಲುವೆಯಲ್ಲಿ ದೋಣಿಯಲ್ಲಿ ಹೋಗುತ್ತಿದ್ದ ಜೊವಾನಾ ಫ್ರಾಂಕ್ಸ್ ಎಂಬ ಹೆಂಗಸು ಸತ್ತದ್ದು, ಅದಕ್ಕೆ ದೋಣಿಯವರನ್ನು ಗಲ್ಲಿಗೇರಿಸಿದ್ದು, ಅದರಲ್ಲಿರುವ ಕಥೆ. ಓದುತ್ತಾ ಓದುತ್ತಾ ಮೋರ್ಸ್‌ಗೆ ಅನುಮಾನ. ಗಲ್ಲಿಗೆ ಹೋದವರು ನಿಜವಾಗಿ ಅಪರಾಧಿಗಳಾ? ಲೂಯಿಸ್ ಮತ್ತು ಬೋಡ್ಲಿಯನ್ ಗ್ರಂಥಾಲಯದ ಒಬ್ಬ ಮಹಿಳೆ ಹೊರಗಿನಿಂದ ಕಾಗದಪತ್ರ ತಂದುಕೊಡುತ್ತಾರೆ. ಮೋರ್ಸ್ ಹಾಸಿಗೆಯಲ್ಲೇ ಮಲಗಿ ನೂರಮೂವತ್ತು ವರ್ಷದ ಹಿಂದಿನ ಕೇಸು ಬಿಡಿಸುತ್ತಾನೆ. ಸಾಕ್ಷಿಗಳಿಲ್ಲ, ಶವ ಇಲ್ಲ, ಬಂಧಿಸಲು ಯಾರೂ ಬದುಕಿಲ್ಲ. ಬರಿ ಪದಗಳು. ಇದರ ಹಿಂದೆ ನಿಜವಾದ ಘಟನೆಯೊಂದಿದೆ. 1839ರಲ್ಲಿ ಸ್ಟಾಫರ್ಡ್‌ಶೈರಿನ ರೂಜ್ಲಿ ಹತ್ತಿರ ಕಾಲುವೆಯಲ್ಲಿ ಕ್ರಿಸ್ಟಿನಾ ಕಾಲಿನ್ಸ್ ಎಂಬಾಕೆಯ ಶವ ಸಿಕ್ಕಿತ್ತು. ಆಕೆ ಪ್ರಯಾಣ ಮಾಡುತ್ತಿದ್ದ ದೋಣಿಯ ಇಬ್ಬರಿಗೆ ಗಲ್ಲಾಗಿತ್ತು. ಡೆಕ್ಸ್ಟರ್‌ನ ಕಾದಂಬರಿಗೆ ಬ್ರಿಟನ್ನಿನ ಅಪರಾಧ ಸಾಹಿತ್ಯ ಬರಹಗಾರರ ಸಂಘದ ಗೋಲ್ಡ್ ಡ್ಯಾಗರ್ ಬಂತು. 1992ರ 'ದ ವೇ ಥ್ರೂ ದ ವುಡ್ಸ್'ಗೂ ಅದೇ ಪ್ರಶಸ್ತಿ.

ಆಕ್ಸ್‌ಫರ್ಡ್ ಯಾಕೆ ಅಂತ ಕೇಳಬಹುದು. ಡೆಕ್ಸ್ಟರ್ ಅಲ್ಲಿದ್ದ, ಅದು ಸುಲಭದ ಉತ್ತರ. ಅದಕ್ಕಿಂತ ಆಳದ ಕಾರಣ ಮೋರ್ಸ್‌ನ ಒಳಗಿದೆ. ಅವನು ವಿದ್ಯಾರ್ಥಿವೇತನ ಗಳಿಸಿ ಸೇಂಟ್ ಜಾನ್ಸ್ ಕಾಲೇಜು ಸೇರಿದ್ದ ಬುದ್ಧಿವಂತ. ಒಂದು ಪ್ರೇಮ ಮುರಿದುಬಿದ್ದು, ಓದು ಕೈಬಿಟ್ಟು, ಫೇಲಾಗಿ, ಡಿಗ್ರಿ ಇಲ್ಲದೆ ಹೊರಬಿದ್ದ. ಆಮೇಲೆ ಪೊಲೀಸ್. ಹಾಗಾಗಿ ಕೊಲೆಯ ವಿಚಾರಣೆಗೆ ಅಂತ ಕಾಲೇಜಿನ ಗೇಟು ದಾಟಿ ಪ್ರೊಫೆಸರರ ಮುಂದೆ ಕೂತಾಗ ಅವನಿಗೆ ಎರಡು ಕಡೆಯಿಂದ ಚುಚ್ಚುತ್ತದೆ. ಅವರ ಲ್ಯಾಟಿನ್ ಅವನಿಗೆ ಅರ್ಥವಾಗುತ್ತದೆ. ಅವರ ಪಾಲಿಗೆ ಮಾತ್ರ ಅವನು ಬಾಗಿಲಲ್ಲಿ ನಿಂತ ಪೊಲೀಸಿನವನು. ಆ ಕಲ್ಲಿನ ಕಟ್ಟಡಗಳ ಮೇಲೆ ಅವನಿಗೆ ಪ್ರೀತಿಯೂ ಇದೆ, ಹಳೇ ಸಿಟ್ಟೂ ಇದೆ. ಅವನ ಕಥೆಗಳಲ್ಲಿ ಕೊಲೆಗಾರರು ಹೆಚ್ಚಾಗಿ ಓದಿಕೊಂಡವರು, ಕುರ್ಚಿಗಾಗಿ ಅಥವಾ ಮರ್ಯಾದೆಗಾಗಿ ಕೊಲ್ಲುವವರು. ಕತ್ತಿ, ಬಂದೂಕಿಗಿಂತ ಸುಳ್ಳು ಕಾಗದ ಬರೆಯುವುದರಲ್ಲಿ ಪಳಗಿದವರು. ಅಂಥವರ ಕಾಗದ ಓದಲು ಪದಬಂಧದ ಇನ್‌ಸ್ಪೆಕ್ಟರೇ ಬೇಕು.

ಕಥೆಗಳಲ್ಲಿ ಬರುವ ಲಾನ್ಸ್‌ಡೇಲ್ ಕಾಲೇಜನ್ನು ಆಕ್ಸ್‌ಫರ್ಡ್‌ನಲ್ಲಿ ಹುಡುಕಬೇಡಿ, ಅದು ಇಲ್ಲ. ರ‍್ಯಾಂಡಾಲ್ಫ್ ಹೋಟೆಲ್ ಇದೆ. ಜೆರಿಕೊ ಎಂಬ ಬಡಾವಣೆಯೂ ಇದೆ. ಥೇಮ್ಸ್ ವ್ಯಾಲಿ ಪೊಲೀಸ್ ಕೂಡ ನಿಜವಾದ ಪಡೆ. ಅದರ ಕೇಂದ್ರ ಕಚೇರಿ ಕಿಡ್ಲಿಂಗ್ಟನ್‌ನಲ್ಲೇ.

1987ರ ಜನವರಿ 6ರಂದು ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ 'ದ ಡೆಡ್ ಆಫ್ ಜೆರಿಕೊ' ಬಂತು. ಅಲ್ಲಿಗೆ ಕಥೆ ಬೇರೆ ದಾರಿ ಹಿಡಿಯಿತು. ಯೋಚಿಸುತ್ತಾ ಕೂರುವ ಮನುಷ್ಯನನ್ನು ಪರದೆ ಮೇಲೆ ತೋರಿಸುವುದು ಹೇಗೆ? ಕಾದಂಬರಿಯಲ್ಲಿ ಲೇಖಕ ಮೋರ್ಸ್‌ನ ತಲೆಯೊಳಗೆ ಹೊಕ್ಕು, ಅಲ್ಲೇ ನಿಂತು ಅವನನ್ನು ಗೇಲಿಯನ್ನೂ ಮಾಡುತ್ತಾನೆ. ಕ್ಯಾಮೆರಾಗೆ ಅದು ಆಗದು. ನಿರ್ಮಾಪಕ ಕೆನ್ನಿ ಮ್ಯಾಕ್‌ಬೇನ್ ಒಂದು ಧೈರ್ಯ ಮಾಡಿದರು. ಆಗ ಇಂಥ ಪೊಲೀಸ್ ಧಾರಾವಾಹಿಗಳು ಸಾಮಾನ್ಯವಾಗಿ ಒಂದು ಗಂಟೆಯವು. ಮೋರ್ಸ್‌ಗೆ ಕಂತಿಗೆ ಜಾಹೀರಾತು ಸೇರಿ ಎರಡು ಗಂಟೆ. ಸಿನಿಮಾದಷ್ಟು. ನನ್ನ ಲೆಕ್ಕದಲ್ಲಿ ಇಡೀ ಧಾರಾವಾಹಿಯ ಗುಟ್ಟು ಇದೇ. ಒಂದು ಗಂಟೆಯಲ್ಲಿ ಪತ್ತೇದಾರ ಒಂದು ಸಲ ತಪ್ಪಲು ಸಮಯ ಇರುತ್ತದೆ. ಎರಡು ಗಂಟೆ ಕೊಟ್ಟರೆ ಎರಡು ಮೂರು ಸಲ ತಪ್ಪಬಹುದು, ಮಧ್ಯೆ ಒಂದು ಪೈಂಟ್ ಬಿಯರ್ ಕುಡಿಯಬಹುದು, ಕಾರಿನಲ್ಲಿ ಕೂತು ವಾಗ್ನರ್‌ನ ಒಪೆರಾ ಸಂಗೀತ ಕೇಳಬಹುದು. ತಪ್ಪಿಗೆ ಜಾಗ ಸಿಕ್ಕಿದ್ದರಿಂದ ಮೋರ್ಸ್ ಪರದೆಯ ಮೇಲೂ ಮೋರ್ಸ್ ಆಗಿಯೇ ಉಳಿದ.

ಮೊದಲ ಕಂತಿನ ಚಿತ್ರಕಥೆ ಆಂಟನಿ ಮಿಂಗೆಲ್ಲಾ ಅವರದು. ಮುಂದೆ 'ದಿ ಇಂಗ್ಲಿಷ್ ಪೇಷಂಟ್' ನಿರ್ದೇಶನಕ್ಕೆ ಆಸ್ಕರ್ ಪಡೆದವರು ಅವರೇ. ಕೆಲವು ಕಂತುಗಳನ್ನು ನಿರ್ದೇಶಿಸಿದ ಯುವಕನ ಹೆಸರು ನಮಗೆ ಚೆನ್ನಾಗಿ ಗೊತ್ತು: ಡ್ಯಾನಿ ಬಾಯ್ಲ್, 'ಸ್ಲಮ್‌ಡಾಗ್ ಮಿಲಿಯನೇರ್'ನವರು. ಸಂಗೀತ ಬ್ಯಾರಿಂಗ್ಟನ್ ಫೆಲೂಂಗ್. ಶುರುವಿನ ರಾಗದ ಕೆಳಗೆ ಒಂದೇ ಸ್ವರ ಟಕ್ ಟಕ್ ಅಂತ ಬಡಿಯುತ್ತಿರುತ್ತದೆ. ಗಮನಿಸಿ ಕೇಳಿದರೆ ಅದು ಮೋರ್ಸ್ ಕೋಡಿನಲ್ಲಿ 'ಮೋರ್ಸ್' ಎಂಬ ಹೆಸರು. ಕೆಲವು ಕಂತುಗಳಲ್ಲಿ ಫೆಲೂಂಗ್ ಕೊಲೆಗಾರನ ಹೆಸರನ್ನೇ ಹೀಗೆ ಸಂಗೀತದೊಳಗೆ ಹುದುಗಿಸಿಡುತ್ತಿದ್ದರಂತೆ. ಇದೂ ಪದಬಂಧವೇ ಅಲ್ವಾ? ಉತ್ತರ ಎಲ್ಲರ ಕಿವಿಗೂ ಬೀಳುತ್ತದೆ, ಯಾರಿಗೂ ಕೇಳಿಸುವುದಿಲ್ಲ.

ಮೋರ್ಸ್ ಪಾತ್ರಕ್ಕೆ ಜಾನ್ ಥಾ. ಅದಕ್ಕೆ ಮೊದಲು 'ದ ಸ್ವೀನಿ' ಎಂಬ ಟಿವಿ ಧಾರಾವಾಹಿಯಲ್ಲಿ ಬಾಗಿಲು ಒದ್ದು ಒಳನುಗ್ಗುವ ಒರಟು ಪೊಲೀಸ್ ಆಗಿ ಮನೆಮಾತಾಗಿದ್ದವರು. ಇಲ್ಲಿ ಹೆಣ ಕಂಡರೆ ಮುಖ ತಿರುಗಿಸುವ, ಎತ್ತರಕ್ಕೆ ಹತ್ತಲು ಹೆದರುವ, ಕವಿತೆ ಗುನುಗುವ ಮನುಷ್ಯ. ಥಾ ಮಾತು ಕಡಿಮೆ ಮಾಡಿದರು. ಯೋಚನೆಯನ್ನು ಕಣ್ಣಿಗೆ ಬಿಟ್ಟರು. ಕಾದಂಬರಿಯ ಮೋರ್ಸ್‌ನಲ್ಲಿ ಕೊಳಕುತನ ಸ್ವಲ್ಪ ಜಾಸ್ತಿಯೇ ಇತ್ತು. ಥಾ ಮುಖದಲ್ಲಿ ಅದು ಒಂಟಿತನವಾಗಿ ಕಂಡಿತು.

ಅತಿ ದೊಡ್ಡ ಬದಲಾವಣೆ ಆದದ್ದು ಲೂಯಿಸ್‌ಗೆ. ಶುರುವಿನ ಕಾದಂಬರಿಗಳ ಲೂಯಿಸ್ ವೇಲ್ಸ್‌ನವನು. ಹಿಂದೆ ಬಾಕ್ಸಿಂಗ್ ಆಡಿದವನು. ಮೋರ್ಸ್‌ಗಿಂತ ವಯಸ್ಸಿನಲ್ಲಿ ದೊಡ್ಡವನು. ಟಿವಿಯಲ್ಲಿ ಕೆವಿನ್ ವೇಟ್ಲಿ ಮಾಡಿದ ಲೂಯಿಸ್ ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕಾಸಲ್ ಕಡೆಯ ಮಾತಿನವನು, ಚಿಕ್ಕವನು, ಹೆಂಡತಿ ಮಕ್ಕಳು ಇರುವವನು. ಇದರಿಂದ ಇಬ್ಬರ ಸಂಬಂಧವೇ ಬದಲಾಯಿತು. ತನಗಿಂತ ಹಿರಿಯನಾದ ಸಾರ್ಜೆಂಟ್‌ಗೆ ಗದರುವ ಮೋರ್ಸ್ ಬರಿ ಒರಟ. ಕಿರಿಯನಿಗೆ ಗದರುತ್ತಾ, ಬೈಯುತ್ತಾ, ಒಪೆರಾ ಕೇಳು, ಪುಸ್ತಕ ಓದು ಅನ್ನುವ ಮೋರ್ಸ್ ಮೇಷ್ಟ್ರಂತೆ ಕಾಣುತ್ತಾನೆ, ಒಮ್ಮೊಮ್ಮೆ ಅಪ್ಪನಂತೆಯೂ. ಲೂಯಿಸ್‌ಗೆ ಸಂಜೆಗೆ ಮನೆ ಸೇರುವ ಆತುರ. ಮೋರ್ಸ್‌ಗೆ ಸೇರಲು ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಬಿಟ್ಟರೆ ಯಾರೂ ಇಲ್ಲ. ಒಬ್ಬನ ಬದುಕು ಇನ್ನೊಬ್ಬನ ಬದುಕಿನಲ್ಲಿ ಏನಿಲ್ಲ ಅಂತ ಸದಾ ತೋರಿಸುತ್ತಿರುತ್ತದೆ.

ಕಾರಿನ ಕಥೆಯೂ ಹೀಗೇ. ಕಾದಂಬರಿಗಳಲ್ಲಿ ಮೋರ್ಸ್ ಓಡಿಸುತ್ತಿದ್ದದ್ದು ಲ್ಯಾನ್ಸಿಯಾ. ಟಿವಿಯವರು ಕೊಟ್ಟದ್ದು ಕೆಂಪು ಜಾಗ್ವಾರ್ ಮಾರ್ಕ್ 2. ನೋಡಲು ಅಷ್ಟು ಚೆಂದದ ಆ ಕಾರಿನ ಒಳಗಿನ ಸ್ಥಿತಿ ಮಾತ್ರ ಚೆನ್ನಾಗಿರಲಿಲ್ಲ. ಜನರಿಗೆ ಮೋರ್ಸ್ ಅಂದರೆ ಆ ಕಾರು ಅನ್ನುವಷ್ಟು ಅಂಟಿಕೊಂಡಿತು. ಆಮೇಲೆ ಡೆಕ್ಸ್ಟರ್ ತಾನೇ ಸೋತ. ಮುಂದಿನ ಕಾದಂಬರಿಗಳಲ್ಲಿ ಮೋರ್ಸ್ ಜಾಗ್ವಾರ್ ಹತ್ತಿದ. ಹಳೆಯ ಕಾದಂಬರಿಗಳ ಹೊಸ ಮುದ್ರಣಗಳಲ್ಲೂ ಲ್ಯಾನ್ಸಿಯಾ ಹೋಗಿ ಜಾಗ್ವಾರ್ ಬಂತು. ಲೂಯಿಸ್ ಕೂಡ ಪುಟಗಳಲ್ಲಿ ಸದ್ದಿಲ್ಲದೆ ಚಿಕ್ಕವನಾಗುತ್ತಾ ಬಂದ.

ಇನ್ನೂ ಸೋಜಿಗದ್ದು ಒಂದಿದೆ. ಧಾರಾವಾಹಿ ಶುರುವಾದಾಗ ಇದ್ದದ್ದು 7 ಕಾದಂಬರಿ. 33 ಕಂತಿಗೆ ಅದು ಸಾಲದು. ಹಾಗಾಗಿ ಹೆಚ್ಚಿನ ಕಂತುಗಳಿಗೆ ಬೇರೆಯವರು ಕಥೆ ಬರೆದರು. ಕೆಲವಕ್ಕೆ ಡೆಕ್ಸ್ಟರ್ ಕಥೆಯ ಎಳೆ ಕೊಟ್ಟ. ಅದರಲ್ಲಿ 'ದ ವುಲ್ವರ್‌ಕೋಟ್ ಟಂಗ್' ಒಂದು. ಅಮೆರಿಕದ ಪ್ರವಾಸಿಗಳ ಗುಂಪು ಆಕ್ಸ್‌ಫರ್ಡ್‌ಗೆ ಬರುತ್ತದೆ, ಹಳೆಯ ಒಡವೆಯೊಂದು ಕಳುವಾಗುತ್ತದೆ. ಟಿವಿಯಲ್ಲಿ ಬಂದ ಮೇಲೆ ಡೆಕ್ಸ್ಟರ್ ಅದನ್ನು ಸಾಕಷ್ಟು ಬದಲಾಯಿಸಿ ಕಾದಂಬರಿ ಮಾಡಿದ. ಅದೇ 1991ರ 'ದ ಜ್ಯುವೆಲ್ ದಟ್ ವಾಸ್ ಅವರ್ಸ್'. ಅಂದರೆ ಕಾದಂಬರಿಯಿಂದ ಟಿವಿಗೆ ಹೋದ ಮನುಷ್ಯ ಟಿವಿಯಿಂದ ಕಾದಂಬರಿಗೆ ವಾಪಸ್ ಬಂದ, ಬರುವಾಗ ಥಾ ಅವರ ಬಿಳಿ ಕೂದಲು, ಕೆಂಪು ಕಾರು ಎಲ್ಲ ಹೊತ್ತುಕೊಂಡು ಬಂದ. ಹಾಗಿದ್ದರೆ ಮೂಲ ಮೋರ್ಸ್ ಯಾರು? 1975ರವನಾ, 1987ರವನಾ? ಡೆಕ್ಸ್ಟರ್‌ಗೆ ಆ ಜಗಳ ಬೇಕಿರಲಿಲ್ಲ. ಅವನು ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಮುಖ ತೋರಿಸಿ ಹೋಗುತ್ತಿದ್ದ. ಅವನನ್ನು ಹುಡುಕುವುದೂ ಅಭಿಮಾನಿಗಳಿಗೆ ಒಂದು ಆಟ.

ಒಂದು ದೂರು ಹೇಳಲೇಬೇಕು. ಮೊದಲ ನಾಲ್ಕೈದು ಕಾದಂಬರಿಗಳನ್ನು ಇವತ್ತು ಓದಿದರೆ ಹೆಂಗಸರ ಬಗ್ಗೆ ಬರೆದ ರೀತಿ ಕಿರಿಕಿರಿ ಮಾಡುತ್ತದೆ. ಮೋರ್ಸ್‌ನ ಕಣ್ಣು ಸಾಕ್ಷಿಯ ಮಾತಿಗಿಂತ ಮೊದಲು ಬೇರೆಲ್ಲೋ ಹೋಗುತ್ತದೆ. ಲೇಖಕನೂ ಅದನ್ನು ತಮಾಷೆ ಅಂತ ಸವರಿಬಿಡುತ್ತಾನೆ. ಆ ಕಾಲ ಹಾಗಿತ್ತು ಅಂತ ಹೇಳಿ ಮುಗಿಸಬಹುದು. ನನಗೆ ಅಷ್ಟು ಸಲೀಸಾಗಿ ಬಿಡಲು ಮನಸ್ಸಿಲ್ಲ. ಟಿವಿಯವರು ಇದನ್ನು ಬಹುಪಾಲು ತೊಳೆದುಹಾಕಿದರು. ಉಳಿದದ್ದು ಪದೇ ಪದೇ ತಪ್ಪು ಹೆಂಗಸಿನ ಮೇಲೆ ಮನಸ್ಸಾಗುವ ಒಬ್ಬ ನಾಚಿಕೆಯ ಮನುಷ್ಯ. ಅವನು ಮನಸ್ಸು ಕೊಟ್ಟಾಕೆ ಒಂದೋ ಕೊಲೆಯಾಗುತ್ತಾಳೆ, ಇಲ್ಲವೇ ಕೊಲೆಯ ಆರೋಪಿಗಳ ಪಟ್ಟಿಗೆ ಸೇರುತ್ತಾಳೆ. ಅವನ ತಪ್ಪು ಉತ್ತರಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ. ಪ್ರೀತಿಸಿದವಳನ್ನು ಅನುಮಾನಿಸುವುದು ಅವನಿಂದ ಆಗುವುದಿಲ್ಲ.

ಹೆಸರಿನ ಗುಟ್ಟು ಇನ್ನೊಂದು. ಯಾರಾದರೂ ನಿಮ್ಮ ಪೂರ್ತಿ ಹೆಸರೇನು ಅಂತ ಕೇಳಿದರೆ 'ಮೋರ್ಸ್' ಅಂತಷ್ಟೇ ಹೇಳುತ್ತಿದ್ದ. ಇಪ್ಪತ್ತು ವರ್ಷ ಓದುಗರಿಗೂ ಗೊತ್ತಾಗಲಿಲ್ಲ. 1996ರ 'ಡೆತ್ ಈಸ್ ನೌ ಮೈ ನೇಬರ್'ನಲ್ಲಿ ಡೆಕ್ಸ್ಟರ್ ಕೊನೆಗೂ ಬಾಯಿಬಿಟ್ಟ: ಎಂಡೆವರ್. ಅಂದರೆ ಪ್ರಯತ್ನ. ಅವನ ತಾಯಿ ಕ್ರೈಸ್ತರ ಕ್ವೇಕರ್ ಪಂಥದವಳು. ಅವರಲ್ಲಿ ಗುಣಗಳ ಹೆಸರಿಡುವ ರೂಢಿ ಇತ್ತು. ತಂದೆಗೆ ಸಮುದ್ರಯಾನಿ ಕ್ಯಾಪ್ಟನ್ ಕುಕ್ ಅಂದರೆ ಅಭಿಮಾನ. ಕುಕ್‌ನ ಹಡಗಿನ ಹೆಸರೂ ಅದೇ. ಟಿವಿಯಲ್ಲಿ ಮೋರ್ಸ್ ಇದನ್ನು ನೇರವಾಗಿ ಹೇಳದೆ ಪದಬಂಧದ ಸೂಚನೆ ಮಾಡಿ ಕೊಡುತ್ತಾನೆ. ನನ್ನ ಬದುಕಿನ ಪ್ರಯತ್ನವೆಲ್ಲ ಈವ್‌ಳ, ಅಂದರೆ ಹೆಣ್ಣಿನ, ಸುತ್ತ ತಿರುಗಿದೆ ಅನ್ನುವ ಅರ್ಥದ ಒಂದು ಸಾಲು. ಇಂಗ್ಲಿಷಿನ 'ಅರೌಂಡ್ ಈವ್' ಎಂಬ ಎರಡು ಪದಗಳ 9 ಅಕ್ಷರ ಕಲಸಿ ಜೋಡಿಸಿದರೆ 'ಎಂಡೆವರ್'. 'ತಿರುಗಿದೆ' ಅನ್ನುವುದು ಕಲಸು ಅನ್ನುವ ಅಪ್ಪಣೆ. 'ಪ್ರಯತ್ನ' ಅನ್ನುವುದು ಅರ್ಥ. ಮೇಲೆ ನಾವು 'ಸರ' ಮಾಡಿದ ಹಾಗೇ. ಬೇರೆ ಏನೂ ಅಲ್ಲದಿದ್ದರೂ ಇದು ಅವನ ಬಾಳಿನ ಬಗ್ಗೆ ನಿಜವಾದ ಮಾತು. ಪದಬಂಧದವರು ಇಂಥ ಸೂಚನೆಯನ್ನು ಅತಿ ಉತ್ತಮ ದರ್ಜೆಯದು ಅನ್ನುತ್ತಾರೆ, ಯಾಕೆಂದರೆ ಇಲ್ಲಿ ವೇಷವೂ ನಿಜ, ಒಳಗಿನದೂ ನಿಜ.

ಕೊನೆಯ ಕಾದಂಬರಿಗಳಲ್ಲಿ ಮೋರ್ಸ್‌ಗೆ ಸಕ್ಕರೆ ಕಾಯಿಲೆ. ಡೆಕ್ಸ್ಟರ್‌ಗೂ ಇತ್ತು. ಕುಡಿಯಬೇಡ ಅಂದರೆ ಕೇಳುವವನಲ್ಲ. 1999ರ 'ದ ರಿಮೋರ್ಸ್‌ಫುಲ್ ಡೇ'ಯಲ್ಲಿ ಡೆಕ್ಸ್ಟರ್ ಅವನನ್ನು ಸಾಯಿಸಿದ. ಪುಸ್ತಕದ ಹೆಸರು ಎ. ಇ. ಹೌಸ್‌ಮನ್ ಕವಿತೆಯಿಂದ ಬಂದದ್ದು. ಆ ಶೀರ್ಷಿಕೆಯೊಳಗೂ 'ಮೋರ್ಸ್' ಕೂತಿದ್ದಾನೆ, ಇದು ಸುಮ್ನೆ ಆದದ್ದಂತೂ ಅಲ್ಲ. ಟಿವಿ ಕಂತು 2000ದ ನವೆಂಬರ್ 15ರಂದು ಬಂತು. ಎಕ್ಸೆಟರ್ ಕಾಲೇಜಿನ ಹುಲ್ಲಿನ ಮೇಲೆ ಮೋರ್ಸ್ ಕುಸಿಯುತ್ತಾನೆ. ಆಸ್ಪತ್ರೆಯಲ್ಲಿ ಸಾಯುವ ಮುಂಚೆ ಲೂಯಿಸ್‌ಗೆ ನನ್ನ ಥ್ಯಾಂಕ್ಸ್ ತಿಳಿಸಿ ಅಂತ ಹೇಳುತ್ತಾನೆ. ಜೀವ ಇರುವಾಗ ಒಮ್ಮೆಯೂ ಸರಿಯಾಗಿ ಹೇಳದ ಮಾತು. 2002ರ ಫೆಬ್ರುವರಿಯಲ್ಲಿ ಜಾನ್ ಥಾ ಕೂಡ ತೀರಿಕೊಂಡರು. 60 ವರ್ಷ.

ಥಾ ಮಾಡಿದ ಆ ವಯಸ್ಸಿನ ಮೋರ್ಸ್ ಪಾತ್ರವನ್ನು ಬೇರೆ ಯಾರೂ ಮಾಡಬಾರದು ಅಂತ ಡೆಕ್ಸ್ಟರ್ ಉಯಿಲಿನಲ್ಲೇ ಬರೆಸಿದ್ದ. ಹಾಗಾದರೆ ಮುಂದಿನ ದಾರಿ? ಒಂದು, ಲೂಯಿಸ್. 2006ರಿಂದ 2015ರವರೆಗೆ ಅವನದೇ ಹೆಸರಿನ ಧಾರಾವಾಹಿ, ಅದಕ್ಕೂ 33 ಕಂತು. ಅಲ್ಲಿ ಲೂಯಿಸ್ ಇನ್‌ಸ್ಪೆಕ್ಟರ್. ಅವನ ಸಾರ್ಜೆಂಟ್ ಹ್ಯಾಥವೇ ಕೇಂಬ್ರಿಡ್ಜ್‌ನಲ್ಲಿ ಓದಿದವನು. ಜೋಡಿ ತಲೆಕೆಳಗಾಗಿದೆ. ಈಗ ಓದಿಕೊಂಡವನು ಕಿರಿಯ, ಸಾದಾ ಮಾತಿನವನು ಹಿರಿಯ. ಇನ್ನೊಂದು, 'ಎಂಡೆವರ್'. 1960ರ ದಶಕದ ಯುವಕ ಮೋರ್ಸ್, ಪಾತ್ರಧಾರಿ ಶಾನ್ ಇವಾನ್ಸ್. 2012ರ ಜನವರಿ 2ರಂದು, ಮೊದಲ ಕಂತು ಬಂದು 25 ವರ್ಷವಾದಾಗ ಶುರುವಾಗಿ 2023ರಲ್ಲಿ ಮುಗಿಯಿತು. 36 ಕಂತುಗಳನ್ನೂ ರಸೆಲ್ ಲೂಯಿಸ್ ಒಬ್ಬರೇ ಬರೆದರು. ಥಾ ಅವರ ಮಗಳು ಅಬಿಗೇಲ್ ಅದರಲ್ಲಿ ಪತ್ರಿಕೆಯ ಸಂಪಾದಕಿ. ಯುವಕ ಮೋರ್ಸ್ ಕೂಡ ತಪ್ಪುತ್ತಾನೆ. ಆದರೆ ಆಗಿನ್ನೂ ಅವನಿಗೆ ಜಂಬ ಬಂದಿಲ್ಲ, ತಪ್ಪಿದಾಗ ನೋವಾಗುತ್ತದೆ. ಅವನ ಮೇಲಧಿಕಾರಿ ಫ್ರೆಡ್ ಥರ್ಸ್‌ಡೇ ಆಗಿ ರೋಜರ್ ಆಲಮ್ ಮಾಡಿದ್ದು ನೋಡಲೇಬೇಕಾದ ಅಭಿನಯ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳುವವರಿಗೆ: ಓದುವುದಾದರೆ 'ಲಾಸ್ಟ್ ಸೀನ್ ವೇರಿಂಗ್' ಎತ್ತಿಕೊಳ್ಳಿ. ಮೋರ್ಸ್ ತಪ್ಪುವ ಬಗೆ ಅಲ್ಲಿ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ. ಅವನ ಮೊದಲ ಉತ್ತರ ಕಂಡ ಕೂಡಲೇ ನೀವೂ ನಂಬಿಬಿಡುತ್ತೀರಿ, ತಡೆದುಕೊಳ್ಳಿ. ಹೆಂಗಸರ ವಿಷಯಕ್ಕೆ ಸಿಟ್ಟು ಬಂದರೆ ನೇರ 'ದ ವೆಂಚ್ ಈಸ್ ಡೆಡ್'ಗೆ ಹಾರಿ. ನೋಡುವುದಾದರೆ 'ದ ಡೆಡ್ ಆಫ್ ಜೆರಿಕೊ'ದಿಂದಲೇ ಶುರು ಮಾಡಿ. ಆಮೇಲೆ ಡ್ಯಾನಿ ಬಾಯ್ಲ್ ಮಾಡಿದ 'ಮೇಸನಿಕ್ ಮಿಸ್ಟರೀಸ್', ಅದರಲ್ಲಿ ಕೊಲೆಯ ಆರೋಪ ಮೋರ್ಸ್‌ನ ತಲೆಗೇ ಬರುತ್ತದೆ. ಆಸ್ಟ್ರೇಲಿಯಾ, ಇಟಲಿಗೆ ಹೋಗುವ ಕಂತುಗಳನ್ನು ಬಿಟ್ಟರೂ ನಷ್ಟವಿಲ್ಲ, ಆಕ್ಸ್‌ಫರ್ಡ್ ಬಿಟ್ಟ ಮೋರ್ಸ್ ಸಪ್ಪೆ. 'ದ ರಿಮೋರ್ಸ್‌ಫುಲ್ ಡೇ' ಮಾತ್ರ ಕೊನೆಗೇ ಇಟ್ಟುಕೊಳ್ಳಿ, 'ಎಂಡೆವರ್' ಪೂರ್ತಿ ನೋಡಿದ ಮೇಲೆ.